ಹಳ್ಳದ ನೀರು, ಅಜ್ಜಿಯ ಹಗ್ಗ

ಮೊನ್ನೆ ಹೊನ್ನವಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಮಳೆಗೆ ನೆಂದು ಕೊಳೆತ ತೆಂಗಿನಕಾಯಿ ಸಿಪ್ಪೆಯ ರಾಶಿಯಿಂದ ಹುಳಿಹುಳಿ ವಾಸನೆ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ನಮ್ಮ ಬೀದಿಯ ಹಗ್ಗದಜ್ಜಿ ನೆನಪಾದರು.

ತಿಪಟೂರಿನಲ್ಲಿ ನಮ್ಮ ಮನೆಯ ಹಿಂದೆಯೇ ಸಣ್ಣದೊಂದು ಹಳ್ಳ ಹರಿಯುತ್ತಿತ್ತು. ಹೊಳೆ ಅನ್ನುವಷ್ಟೇನೂ ಇರಲಿಲ್ಲ. ಆದರೂ ಬೀದಿಯವರ ಬಟ್ಟೆಗೆ, ಪಾತ್ರೆಗೆ, ದನಕರುಗಳಿಗೆ ಅದೇ ನೀರು. ಅಜ್ಜಿಯ ಗುಡಿಸಲು ಅದರ ದಡದಲ್ಲೇ ಇತ್ತು. ಹಳ್ಳದ ನೀರು ಬಂದು ನಿಲ್ಲುವ ಗುಂಡಿಯಲ್ಲಿ ಕಾಯಿಸಿಪ್ಪೆಯನ್ನು ತಿಂಗಳುಗಟ್ಟಲೆ ನೆನೆಹಾಕಿ, ಕೊಡತಿಯಿಂದ ಬಡಿದು ನಾರು ಬಿಡಿಸಿ, ಹಗ್ಗ ಹೊಸೆಯುತ್ತಿದ್ದರು. ಬೀದಿಯಲ್ಲಿ ಯಾರೇ ತೀರಿಕೊಳ್ಳಲಿ, ಚಟ್ಟ ಕಟ್ಟುವ ಹಗ್ಗ ಅಜ್ಜಿಯದೇ. ಅದಕ್ಕೆ ಅವರು ಯಾರ ಹತ್ತಿರವೂ ಕಾಸು ಮುಟ್ಟಿದವರಲ್ಲ.

ಆಮೇಲೆ ನಾವು ಮನೆಯೊಳಗೇ ಕಕ್ಕಸು ಕಟ್ಟಿಸಿದೆವು. ಗುಂಡಿ ತೋಡಿದರೆ ಬಂಡೆ ಸಿಕ್ಕಿತು. ಗಾರೆಯವನು ಪೈಪನ್ನು ಸೀದಾ ಹಳ್ಳಕ್ಕೆ ಬಿಟ್ಟ, ಅದೂ ಅಜ್ಜಿಯ ಗುಂಡಿಗಿಂತ ಮೇಲೆ. ಬೇಡ ಅನ್ನಲು ನನಗೇನು ಬಾಯಿ ಇರಲಿಲ್ಲವೇ?

ಒಂದು ಬೆಳಿಗ್ಗೆ ಅಜ್ಜಿ ಹಿತ್ತಲ ಬಾಗಿಲಿಗೆ ಬಂದರು.

“ಪೈಪ್ನ ನನ್ನ ಗುಂಡಿಯಿಂದ ಒಸಿ ಕೆಳಕ್ಕೆ ತಿರುಗಿಸ್ಕೊಡಪ್ಪ. ಅಷ್ಟು ಮಾಡುದ್ರೆ ಸಾಕು.”

“ಈ ವಾರ ಮಾಡುಸ್ತೀನಿ, ಬುಡಜ್ಜಿ,” ಅಂದೆ.

ಆ ವಾರ ಹೋಯಿತು, ಇನ್ನೊಂದು ಹೋಯಿತು... ನಮ್ಮನ್ನು ನೋಡಿ ಬೀದಿಯವರೂ ಒಬ್ಬೊಬ್ಬರಾಗಿ ಪೈಪು ಬಿಟ್ಟರು. ಅಜ್ಜಿ ಆ ನೀರಲ್ಲೇ ಮೊಣಕಾಲವರೆಗೆ ಇಳಿದು ಸಿಪ್ಪೆ ಎತ್ತುತ್ತಿದ್ದರು. ಕಾಲೆಲ್ಲ ಹುಣ್ಣಾಗಿತ್ತು. ನನ್ನನ್ನು ಮತ್ತೆ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡ ಮನುಷ್ಯ ನಾನು, ಥೂ.

ಮರುವರ್ಷ ಅಪ್ಪ ತೀರಿಕೊಂಡರು. ಹಗ್ಗಕ್ಕೆ ನಾನೇ ಹೋದೆ. ಗೋಡೆಯ ಗೂಟದಲ್ಲಿ ಸಿಂಬೆ ಸುತ್ತಿದ ಹೊಸ ಹಗ್ಗ ತೂಗುತ್ತಿತ್ತು. ಅಜ್ಜಿ ಅದಕ್ಕೆ ಕೈ ಹಾಕಲಿಲ್ಲ.

“ಬ್ಯಾಡ ಕಣಪ್ಪ. ನಿಮ್ಮನೆ ಕಕ್ಕಸ್ನೀರಲ್ಲೇ ನೆಂದಿರೋದು. ಅಂಥ ದೇವ್ರಂಥ ಮನ್ಸನ ಮೈಗೆ ಇದನ್ನ ಹೆಂಗೆ ಮುಟ್ಟುಸ್ಲಿ? ಅಂಗಡೀಲಿ ತಗೊಂಡೋಗು.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಅಳುತ್ತಿದ್ದರು. ಅಂಗಡಿಯಿಂದ ನೀಲಿ ಪ್ಲಾಸ್ಟಿಕ್ ಹಗ್ಗ ತಂದು ಅಪ್ಪನನ್ನು ಕಟ್ಟಿದೆವು.

ಅಜ್ಜಿ ಮತ್ತೆ ಸಿಪ್ಪೆ ನೆನೆಹಾಕಲಿಲ್ಲ. ಶೆಟ್ಟಿಕೆರೆಯಲ್ಲಿದ್ದ ತಂಗಿಯ ಮನೆಗೆ ಹೋದರು. ಅಲ್ಲೇ ಹೋಗಿಬಿಟ್ಟರು ಅನ್ನುವುದು ನನಗೆ ತಿಳಿದಾಗ ತಿಥಿಯೂ ಮುಗಿದಿತ್ತು.

ಈಗ ಹಳ್ಳದ ಮೇಲೆ ಚಪ್ಪಡಿ ಹಾಕಿದ್ದಾರೆ, ಅದರ ಮೇಲೆ ಬೈಕು ನಿಲ್ಲಿಸುತ್ತೇವೆ. ಕೆಳಗೆ ಹರಿಯುವುದನ್ನು ಎಲ್ಲರೂ ಮೋರಿ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಪೈಪು ತಿರುಗಿಸುವುದು ಅರ್ಧ ದಿನದ ಕೆಲಸವಾಗಿತ್ತು ಅಜ್ಜಿ... ನಾನು ಮಾಡಿಸಲಿಲ್ಲ.