ಕಂದೀಲಿನ ಕಪ್ಪು

ಬಾಜೂಮನೆ ಕಾಕಾರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪಗಿರುತ್ತಿತ್ತು. ಹಣೆಯ ಮೇಲೆ ಶುಭ್ರವಾದ ವಿಭೂತಿ, ಕೈಯಲ್ಲಿ ಮಾತ್ರ ಮಸಿ. ಕಂದೀಲು ಹಚ್ಚಿ, ಉರಿಯ ಮೇಲೆ ತಾಮ್ರದ ತಟ್ಟೆ ಬೋರಲು ಹಿಡಿದು, ಕೂಡಿದ ಕಾಡಿಗೆಯನ್ನು ಅಗಸಿ ಎಣ್ಣೆಯಲ್ಲಿ ಅರೆದು ಬಣ್ಣ ಮಾಡಿಕೊಳ್ಳುತ್ತಿದ್ದರು. ಕುಂಚಕ್ಕಿಂತ ಹೆಬ್ಬೆರಳಿಗೇ ದುಡಿಮೆ ಹೆಚ್ಚು. ಪೇಟೆಯಲ್ಲಿ ಕಪ್ಪು ಬಣ್ಣ ಸಿಗುವುದಿಲ್ಲವೇ ಎಂದರೆ, “ಅಂಗಡಿ ಕಪ್ಪಿಗೆ ಹೊಟ್ಟಿ ಇರಂಗಿಲ್ಲ ತಂಗಿ. ಇದಕ್ಕ ಐತಿ. ಏನ್ ಹಾಕಿದ್ರೂ ನುಂಗತೈತಿ,” ಎನ್ನುತ್ತಿದ್ದರು.

ನಾನು ಬಮ್ಮಿಗಟ್ಟಿಯಿಂದ ಗುಡಗೇರಿಗೆ ಸೊಸೆಯಾಗಿ ಬರುವ ಹೊತ್ತಿಗೆ ಅವರು ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಧ್ಯಾಹ್ನ ಅವರಿಗೆ ರೊಟ್ಟಿ ಪಲ್ಯ ಮುಟ್ಟಿಸುವುದು ಅತ್ತೆಯ ಕಟ್ಟಪ್ಪಣೆ. ಪಡಸಾಲೆಯ ಗೋಡೆಗೆ ಒಂದೇ ಚಿತ್ರ, ಬಾಗಿಲಿನಷ್ಟು ದೊಡ್ಡದು. ಹಲಗೆಯ ತುಂಬ ಕಪ್ಪು. ಮೇಲ್ಗಡೆ ಒದ್ದೆ ಬಟ್ಟೆಯಿಂದ ಒರೆಸಿದಂತೆ ಒಂದು ಬಿಳಿಚಿದ ಜಾಗ. ಆ ಒಂದೇ ಹಲಗೆಯ ಮೇಲೆ ಮತ್ತೆ ಮತ್ತೆ ಬಳಿಯುತ್ತಿದ್ದರು. ಮೊದಲ ದಿನವೇ ನಾನು, “ಇದಕ್ಕಿಂತ ನನ್ನ ರೊಟ್ಟಿ ಹಂಚು ಚೊಲೋ ಐತ್ರಿ ಕಾಕಾ,” ಎಂದುಬಿಟ್ಟೆ. ಅತ್ತೆ ನನ್ನ ತೋಳು ಚಿವುಟಿದರು. ಕಾಕಾ ನಕ್ಕರು. “ಹೆಂಗೈತಿ ಅಂತ ಕೇಳಲಿಲ್ಲ. ಏನ್ ನೆನಪಾತು, ಅದನ್ನ ಹೇಳು.”

ಬಂದವರಿಗೆಲ್ಲ ಇದೇ ಪ್ರಶ್ನೆ. ಗ್ಯಾಸ್ ಸಿಲಿಂಡರ್ ತರುವವನು ಒಮ್ಮೆ ಸಿಲಿಂಡರನ್ನು ಹೆಗಲ ಮೇಲೆ ಹೊತ್ತುಕೊಂಡೇ ಅದರ ಮುಂದೆ ನಿಂತುಬಿಟ್ಟ. “ನಮ್ಮ ಅಬ್ಬಾನ ಬೆನ್ನು ಇದು. ಅಂಗಿ ಬೆವತು ಹಿಂಗ ಅಂಟಿಕೊಂಡಿರ್ತಿತ್ತು,” ಎಂದು ಮೆಲ್ಲಗೆ ಹೇಳಿದ. ಹಾಲಿಗೆ ಹೆಪ್ಪು ಕೇಳಲು ಹೋದ ಅತ್ತೆ ಬರಿಗೈಯಲ್ಲಿ ಮರಳಿ, ನಮ್ಮ ಕಟ್ಟೆಯ ಮೇಲೆ ಕೂತು, “ನಮ್ಮವ್ವನ ಸೀರಿ ಸೆರಗು. ಒಲಿ ಕಿಡಿ ಹಾರಿ ಸುಟ್ಟಿದ್ದ ತೂತು ಸೈತ ಐತಿ,” ಎಂದರು. ಆ ದಿನ ಊಟ ಮಾಡಲಿಲ್ಲ. ಧಾರವಾಡದಿಂದ ಬಂದಿದ್ದ ಯಾರೋ ಇದಕ್ಕೆ ಅಮೂರ್ತ ಚಿತ್ರ ಎನ್ನುತ್ತಾರೆಂದು ತಿಳಿಸಿದಾಗ ಕಾಕಾ, “ಮೂರ್ತಿ ಇಲ್ಲಂತ ಯಾರ್ ಹೇಳಿದ್ರು? ಗುಡಿ ನಾ ಕಟ್ಟೇನಿ. ನಿಮ್ಮ ನಿಮ್ಮ ಮೂರ್ತಿ ನೀವು ತರ್ರಿ,” ಎಂದಿದ್ದರು.

ಒಂದು ಸಂಗತಿ ನನ್ನ ಕಣ್ಣಿಗೆ ಬೀಳುತ್ತಿತ್ತು. ಯಾರು ಏನು ಹೇಳಿದರೂ ಕಾಕಾ ಕಿವಿಗೊಟ್ಟು ಕೇಳಿ, “ಆತು ಬಿಡು,” ಎಂದು ಮುಖ ಬಾಡಿಸುತ್ತಿದ್ದರು. ಬಸ್ಸಿನಿಂದ ಇಳಿದವರಲ್ಲಿ ತನ್ನವರಿಲ್ಲವೆಂದು ತಿಳಿದವರ ಮುಖ ಹಾಗಾಗುತ್ತದೆ. ಏನೋ ಒಂದು ಮಾತಿಗಾಗಿ ಕಾಯುತ್ತಿದ್ದಾರೆ, ಅದು ಯಾರ ಬಾಯಿಂದಲೂ ಬರುತ್ತಿಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ, ಅವರು ಉಂಡು ಏಳಲೆಂದು ಕಾಯುತ್ತ ಪಡಸಾಲೆಯ ತಣ್ಣನೆಯ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದೆ. ಎಲ್ಲರೂ ಆ ಚಿತ್ರವನ್ನು ನಿಂತು ನೋಡಿದವರು. ನಾನು ಅಂದು ಕೆಳಗಿನಿಂದ ನೋಡಿದೆ. ಬೆನ್ನಿಗೆ ಹುಲ್ಲು ಚುಚ್ಚಿತು. ಮೂಗಿಗೆ ಹಳೆಯ ಜೋಳದ ಮುಗ್ಗಲು ವಾಸನೆ ಅಡರಿತು. ನಾನು ಯಾವುದೋ ಆಳದಲ್ಲಿ ಅಂಗಾತ ಬಿದ್ದಿದ್ದೆ. ಮೇಲೆ ಗುಂಡನೆಯ ಆಕಾಶ. ಅದರ ಅಂಚಿನಲ್ಲಿ ಬೋಳಿಸಿದ ತಲೆಯ ಒಬ್ಬ ಹುಡುಗ ಬಗ್ಗಿದ್ದ. ಉಸಿರು ಒಳಗೆ ಹೋಗುತ್ತಿತ್ತು, ಆದರೆ ಎದೆಗೆ ಸಾಲುತ್ತಿರಲಿಲ್ಲ. ಕಾಕಾ ಕೈ ತೊಳೆದ ನೀರಿನ ಸದ್ದಿಗೆ ಎಚ್ಚರವಾಯಿತು. ರೊಟ್ಟಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

ನನಗೆ ಹೆದರಿಕೆಯಾದದ್ದು ಕಂಡದ್ದಕ್ಕಲ್ಲ. ಅದು ನನ್ನ ನೆನಪಾಗಿರಲಿಲ್ಲ. ಬಮ್ಮಿಗಟ್ಟಿ ಕಡೆ ಮಳೆ ಹೆಚ್ಚು. ನಮ್ಮಲ್ಲಿ ಕಾಳನ್ನು ನೆಲದೊಳಗೆ ಇಡುವುದಿಲ್ಲ, ಮನೆಯೊಳಗೆ ಕಣಜದಲ್ಲಿ ತುಂಬುತ್ತಾರೆ. ನನ್ನ ಜನ್ಮದಲ್ಲಿ ನಾನು ಅಂಥ ಆಳಕ್ಕೆ ಇಳಿದವಳಲ್ಲ. ಗಂಡನಿಗೆ ಹೇಳಿದರೆ, “ಬಿಸಲ ಹತ್ತೇತಿ ನಿನಗ, ಮಜ್ಜಗಿ ಕುಡಿ,” ಎಂದ. ಆಮೇಲೆ ವರ್ಷಗಟ್ಟಲೆ ಕಾಕಾ ಕೇಳಿದಾಗಲೆಲ್ಲ, “ಹಂಚು ಕಾಣ್ತೈತ್ರಿ,” ಎಂದು ತಪ್ಪಿಸಿಕೊಂಡೆ. ಬೇರೆಯವರ ನೆನಪನ್ನು ಹೊತ್ತು ತಿರುಗುವುದು ಬೇರೆಯವರ ಮನೆಯಲ್ಲಿ ಹೇಳದೆ ಕೇಳದೆ ಮಲಗಿ ಎದ್ದ ಹಾಗೆ.

ಹೋದ ವರ್ಷ ಕಾಕಾ ಹಾಸಿಗೆ ಹಿಡಿದರು. ಗಂಜಿ ಕುಡಿಸುತ್ತಿದ್ದಾಗ ಒಂದು ದಿನ, “ಇನ್ನೂ ಹಂಚs ಏನ ತಂಗಿ?” ಎಂದರು. ಆ ದನಿ ಕೇಳಿ ನನಗೆ ಸುಳ್ಳು ಹೇಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಬೋಳುತಲೆ ಎಂದಾಗ ಅವರು ನನ್ನ ಕೈಯಲ್ಲಿದ್ದ ಚಮಚವನ್ನು ತಡೆದರು.

“ಹುಡುಗನ ಕೈ ಎಲ್ಲಿತ್ತು?”

“ಒಳಗ ಬಂದಿತ್ರಿ. ಭುಜದ ಮಟ ಇಳಿಬಿಟ್ಟಿದ್ದ. ಬೆರಳು ಅಗಲ ಮಾಡಿದ್ದ. ಕೆಳಗ ನನ್ನ ತನಕಾ ಮುಟ್ಟಲಿಲ್ಲ.”

ಕಾಕಾ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು. ಆಗ ಈ ಊರಲ್ಲಿ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಆಳದ ಗುಂಡಿಯಲ್ಲಿ, ಹುಲ್ಲು ಹಾಸಿ ತುಂಬಿಡುತ್ತಿದ್ದರಂತೆ. ಬಾಯಿ ತೆಗೆದೊಡನೆ ಇಳಿಯಬಾರದು. ಮೊದಲು ಕಂದೀಲು ಇಳಿಬಿಡಬೇಕು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅರ್ಥ.

“ಕಂದೀಲ ತಾರೋ ಅಂತ ಅಣ್ಣ ನನ್ನ ಕಳಿಸಿದ್ದ. ನಾ ತರೂದ್ರಾಗ ಅಂವ ಇಳದಿದ್ದ, ಮತ್ತ ಮ್ಯಾಲ ಬರಲಿಲ್ಲ. ಆಮ್ಯಾಲೆ ಮಂದಿ ಹೊಲದಾಗ ನನ್ನ ಹುಡಿಕ್ಯಾರ. ಅಣ್ಣನ್ನ ಬಿಟ್ಟು ಓಡಿದಾಂವ ಅಂದ್ರು. ಓಡಿದ್ದು ಖರೆ. ಓಡೂಕಿಂತ ಮೊದ್ಲ ಏನ್ ಮಾಡಿದ್ನಿ? ಕೈ ಕೊಟ್ಟಿದ್ನೋ ಇಲ್ಲೋ? ಅದೊಂದು ನೆನಪಿಲ್ಲ. ಅದನ್ನ ನೋಡೂ ಸಲುವಾಗಿ ಇಷ್ಟ ಬಳದ್ನಿ. ಊರ ಮಂದಿಗೆಲ್ಲಾ ಏನೇನೋ ಕಂಡ್ತು. ನನಗ ಬರೇ ಮಸಿ.”

ಆಮೇಲೆ ಮಗುವಿನ ಹಾಗೆ ಕೇಳಿದರು: “ಅಣ್ಣ ನೋಡಿದ್ನೇನ, ನನ್ನ ಕೈ?”

“ನೋಡ್ಯಾನ್ರಿ ಕಾಕಾ. ಅಂವ ನೋಡಿದ್ದಕ್ಕs ನನಗ ಕಂಡೈತಿ.”

ಅವರು “ಆತು ಬಿಡು” ಎನ್ನಲಿಲ್ಲ. ಗೋಡೆಯ ಕಡೆ ಹೊರಳಿ ಅತ್ತರು. ನನಗೂ ತಡೆಯಲಾಗಲಿಲ್ಲ. ಅದಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮಣ್ಣು ಮಾಡುವ ಮುಂಚೆ ಮೈ ತೊಳೆದವರು ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಹೋಗಲಿಲ್ಲವಂತೆ.

ಆ ಹಗೇವು ಎಲ್ಲಿತ್ತೆಂದು ನಾನು ಆಮೇಲೆ ಅತ್ತೆಯನ್ನು ಕೇಳಿದೆ. ನಮ್ಮ ಮನೆಗೂ ಕಾಕಾರ ಮನೆಗೂ ನಡುವೆ ಈಗ ಸಿಮೆಂಟ್ ರಸ್ತೆಯಿದೆ, ಅದರ ಕೆಳಗಂತೆ. ಇಷ್ಟು ವರ್ಷ ರೊಟ್ಟಿ ಬುಟ್ಟಿ ಹಿಡಿದು ನಾನು ಅದರ ಮೇಲೇ ನಡೆದಿದ್ದೆ.

ಚಿತ್ರ ಈಗ ನಮ್ಮ ಪಡಸಾಲೆಯಲ್ಲಿದೆ. ಬಂದವರು ನಿಂತು ನೋಡುತ್ತಾರೆ, ತಮ್ಮ ತಮ್ಮದನ್ನು ಹೇಳುತ್ತಾರೆ. ಕೆಲಸ ಮುಗಿದ ಮಧ್ಯಾಹ್ನ ನಾನು ಒಬ್ಬಳೇ ಅದರ ಕೆಳಗೆ ಕೂರುತ್ತೇನೆ. ಗುಂಡನೆಯ ಆಕಾಶ ಹಾಗೇ ಇದೆ. ಹುಡುಗ ಮಾತ್ರ ಅದರ ಅಂಚಿನಲ್ಲಿಲ್ಲ. ಆಳದಲ್ಲಿ ನನ್ನ ಬಾಜೂ ಹುಲ್ಲು, ಯಾರೋ ಈಗಷ್ಟೇ ಬಂದು ಕೂತಂತೆ, ತಗ್ಗುತ್ತದೆ.