ಓಡಿಹೋದವರ ಕೋಟೆ

ಮಗಳು ನಾಲ್ಕನೇ ತರಗತಿಯಲ್ಲಿದ್ದ ವರ್ಷ ಅವಳ ಟೀಚರ್ ಅಮೆರಿಕ ಹುಟ್ಟಿದ ಕಥೆಯನ್ನು ತುಂಡು ತುಂಡು ಮಾಡಿ ಇಡೀ ಕ್ಲಾಸಿಗೆ ಹಂಚಿದರು. ಒಬ್ಬರಿಗೆ ಇಂಗ್ಲೆಂಡಿನಿಂದ ಬಂದ ಮೊದಲ ಹಡಗುಗಳು, ಒಬ್ಬರಿಗೆ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆ ಎಸೆದದ್ದು, ಇನ್ನೊಬ್ಬರಿಗೆ ಸಂವಿಧಾನ ಬರೆದದ್ದು. ಅವಳ ಪಕ್ಕ ಕೂರುವ ಹುಡುಗಿಗೆ ಮೊದಲ ಅಧ್ಯಕ್ಷರ ಪ್ರಮಾಣವಚನ. ನಮ್ಮವಳ ಪಾಲಿಗೆ ಬಂದದ್ದು ನಾವಿದ್ದ ಊರೇ: ಇಂಗ್ಲಿಷರು ಬಂದಾಗ ಫೋರ್ಟ್ ಲೀ ಕೋಟೆಯನ್ನು ಬಿಟ್ಟು ಅಮೆರಿಕದ ಸೈನ್ಯ ಓಡಿಹೋದದ್ದು.

"ದೇ ಜಸ್ಟ್ ರ‍್ಯಾನ್ ಅವೇ, ಅಮ್ಮ! ಎವ್ರಿಬಡಿ ವಿಲ್ ಲಾಫ್," ಎಂದು ಬ್ಯಾಗು ಎಸೆದು ಅತ್ತಳು.

ಆಗ ನನ್ನ ಅಪ್ಪ ನಮ್ಮಲ್ಲಿದ್ದರು. ಮೈಸೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಆರು ತಿಂಗಳ ವೀಸಾದಲ್ಲಿ ಬಂದು, ಟಿವಿಯೂ ಹಿಡಿಸದೆ, ಚಳಿಯೂ ಒಗ್ಗದೆ ಬೇಸರಪಡುತ್ತಿದ್ದರು. ಮೊಮ್ಮಗಳ ಅಳು ಅವರಿಗೆ ಕೆಲಸ ಕೊಟ್ಟಿತು. ಲೈಬ್ರರಿಯಿಂದ ಪುಸ್ತಕಗಳನ್ನು ತರಿಸಿಕೊಂಡು ದಿನಾ ಸಂಜೆ ಅವಳಿಗೆ ಓದಿ ಹೇಳತೊಡಗಿದರು. ನಮ್ಮೂರ ಅಂಚಿನ ನದಿಯಾಚೆ, ಈಗ ಇಲ್ಲಿಂದ ಹೋಗುವ ಸೇತುವೆ ಇಳಿಯುವ ದಡದಲ್ಲಿ, ಅಮೆರಿಕದವರದೇ ಇನ್ನೊಂದು ಕೋಟೆಯಿತ್ತು. ಇಂಗ್ಲಿಷರು ಅದನ್ನು ಹಿಡಿದಾಗ ಸಾವಿರಾರು ಜನ ಸೆರೆಸಿಕ್ಕರು. ಕೆಲವೇ ದಿನಗಳಲ್ಲಿ ಇಂಗ್ಲಿಷರು ಮಳೆಯಲ್ಲಿ ನದಿ ದಾಟಿ, ಉತ್ತರಕ್ಕೆ ಬಂಡೆ ಹತ್ತಿ ಈ ಕಡೆಗೂ ಬಂದರು. ಇಲ್ಲಿದ್ದವರು ಒಲೆಯ ಮೇಲಿನ ಅಡುಗೆಯನ್ನೂ ಬಿಟ್ಟು ಓಡಿದರು.

ಸೆರೆಸಿಕ್ಕವರ ಗತಿ ಏನಾಯಿತೆಂಬ ಪುಟ ಬಂದಾಗ ಅಪ್ಪ ಓದುವುದನ್ನು ನಿಲ್ಲಿಸಿ ಎರಡು ಹಾಳೆ ಒಟ್ಟಿಗೆ ಮಗುಚಿದರು. ಆಮೇಲೆ ಅಡುಗೆಮನೆಗೆ ಬಂದು ನನಗೆ ಮೆಲ್ಲಗೆ ಹೇಳಿದರು: "ಅವರಲ್ಲಿ ಎಷ್ಟೋ ಜನರನ್ನ ಹಳೇ ಹಡಗುಗಳಲ್ಲಿ ತುಂಬಿಟ್ರಂತೆ ಕಣಮ್ಮ. ಹಸಿವಲ್ಲಿ, ಜ್ವರದಲ್ಲಿ ಸತ್ತೋರಿಗೆ ಲೆಕ್ಕಾನೇ ಇಲ್ಲ. ಮಗೂಗೆ ಯಾಕೆ ಅದೆಲ್ಲ."

ನನಗೆ ಆಗ ಬೇರೆಯದೇ ಭಯವಿತ್ತು. ನಮ್ಮಿಂದ ದಕ್ಷಿಣದ ಊರೊಂದರಲ್ಲಿ ಪುಂಡು ಹುಡುಗರು ಹಣೆಗೆ ಬೊಟ್ಟಿಟ್ಟ ಹೆಂಗಸರನ್ನು ಹುಡುಕಿ 'ಡಾಟ್ ಹೆಡ್ಸ್' ಎಂದು ಬೈದು ಕಾಡುತ್ತಾರೆ, ನಮ್ಮವರನ್ನು ಹೊಡೆಯುತ್ತಾರೆ ಎಂಬ ಸುದ್ದಿ ಮನೆಮನೆಗೂ ಬಂದಿತ್ತು. ನಾವು ನದಿ ದಾಟಿ ಹೋಗುತ್ತಿದ್ದ ಫ್ಲಶಿಂಗ್ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ಧಾರವಾಡದ ಆಂಟಿಯೊಬ್ಬರು ದೋಸೆ ತಟ್ಟೆ ಹಿಡಿದುಕೊಂಡೇ ನನ್ನ ಕಿವಿಯ ಹತ್ತಿರ ಬಗ್ಗಿದ್ದರು. "ಕುಂಕುಮ ಒರಿಸ್ಕೊಂಡ ಟ್ರೇನ್ ಹತ್ತವಾ. ದೇವರು ಏನೂ ಅನ್ಕೊಳ್ಳಾಂಗಿಲ್ಲ." ಅಂದಿನಿಂದ ನಾನು ಹೊರಗೆ ಹೋಗುವಾಗಲೆಲ್ಲ ಒರೆಸಿಕೊಳ್ಳುತ್ತಿದ್ದೆ. ಮನೆಗೆ ಬಂದ ಮೇಲೆ ಮತ್ತೆ ಇಟ್ಟುಕೊಳ್ಳುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಅಪ್ಪ ಕೋಟೆ ಇದ್ದ ಜಾಗ ನೋಡಲೇಬೇಕೆಂದರು. ನಮ್ಮ ಮನೆಯವರು ಆಫೀಸಿನಲ್ಲಿದ್ದರು. ನಾವು ಮೂವರೂ ನಡೆದೇ ಹೊರಟೆವು. ಅಪ್ಪ ಪಂಚೆಯ ಮೇಲೆ ಅಳಿಯನ ಉದ್ದನೆಯ ಕೋಟು ಹಾಕಿ, ಮಂಕಿ ಕ್ಯಾಪ್ ಇಳಿಸಿಕೊಂಡಿದ್ದರು. ಪ್ಯಾಂಟು ಹಾಕಿಕೊಳ್ಳಿ ಎಂದರೆ ಕೇಳಲಿಲ್ಲ.

ಪಾರ್ಕಿನಲ್ಲಿ ಜನವೇ ಇರಲಿಲ್ಲ. ಎಲೆ ಉದುರಿದ ಮರಗಳು, ಆಗಿನ ಸೈನಿಕರ ಗುಡಿಸಲುಗಳಂತೆಯೇ ಮತ್ತೆ ಕಟ್ಟಿ ನಿಲ್ಲಿಸಿದ ಮರದ ಗುಡಿಸಲುಗಳು, ನದಿಯ ಕಡೆ ಬಾಯಿ ಮಾಡಿದ ಫಿರಂಗಿಗಳು. ಅಪ್ಪ ಅಂಚಿನ ಕಂಬಿ ಹಿಡಿದು ಮೊಮ್ಮಗಳಿಗೆ ಆಚೆ ದಡ ತೋರಿಸುತ್ತಿದ್ದರು. ಆಗ ಹಿಂದಿನ ರಸ್ತೆಯಲ್ಲಿ ಕಾರೊಂದು ನಿಧಾನವಾಯಿತು. ಮುಂದೆ ಹೋಯಿತು. ತಿರುಗಿಕೊಂಡು ಬಂತು.

"ಡಾಟ್ ಹೆಡ್ಸ್! ಗೋ ಹೋಮ್!"

ಬಾಟಲಿಯೊಂದು ಕಲ್ಲಿಗೆ ಬಡಿದು ಚೂರಾಯಿತು. ಕಾರಿನ ಬಾಗಿಲುಗಳು ತೆರೆದ ಸದ್ದು ಕೇಳಿತು. ನನ್ನ ಕಾಲು ಎತ್ತಲೂ ಬಾರದ ಹಾಗೆ ಹೆಪ್ಪುಗಟ್ಟಿತು. ಅಪ್ಪನೇ ನನ್ನ ರಟ್ಟೆ ಹಿಡಿದು ಎಳೆದರು. ಮರದ ದಿಮ್ಮಿಗಳನ್ನು ಅಡ್ಡ ಪೇರಿಸಿ, ಮಣ್ಣು ತುಂಬಿದ ಗೋಡೆಯೊಂದಿತ್ತು. ಅದರ ಹಿಂದೆ ಮೂವರೂ ಕುಕ್ಕರುಗಾಲಲ್ಲಿ ಕೂತೆವು. ನಾನು ಮಗಳ ಮುಖವನ್ನು ನನ್ನ ಕೋಟಿನೊಳಗೆ ಒತ್ತಿಕೊಂಡೆ.

ಹುಡುಗರು ನಗುತ್ತ ಹತ್ತಿರ ಬಂದರು. ಒಬ್ಬ ಕೋಲಿನಿಂದ ಗುಡಿಸಲಿನ ಗೋಡೆಗಳನ್ನು ಬಡಿಯುತ್ತ ಬರುತ್ತಿದ್ದ. ಅಪ್ಪನಿಗೆ ಬಂದಾಗಿನಿಂದ ಕೆಮ್ಮು. ಅದು ಬರುವ ಮುಂಚೆ ಅವರ ಗಂಟಲ ನರ ಉಬ್ಬುವುದು ನನಗೆ ಗೊತ್ತು. ಉಬ್ಬಿತು. ಅವರು ಕತ್ತಿಗೆ ಸುತ್ತಿದ್ದ ಮಫ್ಲರನ್ನು ಬಾಯೊಳಗೆ ತುರುಕಿಕೊಂಡು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಕಣ್ಣು ಕೆಂಪಾಗಿ ನೀರು ಸುರಿಯಿತು. ಇಡೀ ಮೈ ಅಲುಗಿತು, ಸದ್ದು ಮಾತ್ರ ಬರಲಿಲ್ಲ. ಈ ಮನುಷ್ಯ ಇಲ್ಲೇ ಉಸಿರುಕಟ್ಟಿ ಹೋಗುತ್ತಾರೆ ಎಂದು ನನಗೆ ಆ ಹುಡುಗರಿಗಿಂತ ಹೆಚ್ಚು ಭಯವಾಯಿತು.

ಕೋಲಿನ ಸದ್ದು ನದಿಯ ಕಡೆಗೆ ಸರಿಯಿತು. ಅಪ್ಪ ಕೈಸನ್ನೆ ಮಾಡಿದರು. ಬಗ್ಗಿಕೊಂಡೇ ಮರಗಳ ನಡುವೆ ಹಾದು ನಾವು ರಸ್ತೆಗೆ ಬಂದೆವು. ನಾನು ಮನೆಯ ದಿಕ್ಕಿಗೆ ತಿರುಗಿದೆ.

"ಆ ಕಡೆ ಬೇಡ," ಎಂದರು ಅಪ್ಪ. "ಕಾರಲ್ಲಿ ಹಿಂದೆ ಬಂದ್ರೆ? ಅವರಿಗೆ ಮನೆ ತೋರಿಸಬಾರದು. ಅಂಗಡಿ ಬೀದಿಗೆ ನಡಿ."

ಏರು ರಸ್ತೆ. ಹಿಂದೆ ಯಾವ ಕಾರು ಸದ್ದು ಮಾಡಿದರೂ ನಾನು ಮಗಳನ್ನು ಗೋಡೆಯ ಕಡೆಗೆ ತಳ್ಳುತ್ತಿದ್ದೆ. ಮೊದಲು ಸಿಕ್ಕಿದ ಬಟ್ಟೆ ಒಗೆಯುವ ಅಂಗಡಿಗೆ ನುಗ್ಗಿದೆವು. ಅದನ್ನು ನಡೆಸುತ್ತಿದ್ದ ಕೊರಿಯಾದ ಹೆಂಗಸು ಅಪ್ಪನ ಮಣ್ಣಾದ ಪಂಚೆಯನ್ನು, ನನ್ನ ಮುಖವನ್ನು ನೋಡಿದಳು. ಬಾಗಿಲಿಗೆ ಚಿಲಕ ಹಾಕಿ, 'ಕ್ಲೋಸ್ಡ್' ಎಂಬ ಫಲಕ ತಿರುಗಿಸಿ, ಬಿಸಿಗಾಳಿಯ ಯಂತ್ರಗಳ ಪಕ್ಕ ಮೂರು ಕುರ್ಚಿ ಎಳೆದಿಟ್ಟಳು. ಫೋನನ್ನು ನನ್ನ ಕಡೆ ಸರಿಸಿದಳು.

ನಾನು ನಮ್ಮ ಮನೆಯವರ ಆಫೀಸಿಗೆ ಫೋನ್ ಮಾಡಿ ಇಟ್ಟ ಮೇಲೆ ಮಗಳು ಮೊದಲ ಸಲ ಬಾಯಿ ಬಿಟ್ಟಳು. "ತಾತ, ಆರ್ ದೇ ಗೋಯಿಂಗ್ ಟು ಪುಟ್ ಅಸ್ ಆನ್ ದ ಶಿಪ್?"

ಅಪ್ಪ ಮಗುಚಿದ ಪುಟವನ್ನು ಅವಳು ತಾನೇ ಓದಿಕೊಂಡಿದ್ದಳು.

ಅಪ್ಪ ಅವಳ ಎರಡೂ ಕೈಗಳನ್ನು ತಮ್ಮ ಅಂಗೈಯೊಳಗೆ ಇಟ್ಟುಕೊಂಡರು. "ಇಲ್ಲ ಪುಟ್ಟಿ. ಹಡಗಿಗೆ ಹಾಕಿದ್ದು ಸಿಕ್ಕಿಬಿದ್ದೋರನ್ನ. ನಾವು ಸಿಗಲಿಲ್ವಲ್ಲ. ಓಡಿದ್ವಲ್ಲ."

"ವರ್ ದೇ ಸ್ಕೇರ್ಡ್? ದ ಸೋಲ್ಜರ್ಸ್?"

"ತುಂಬಾ. ನನ್ನಷ್ಟೇ."

ನಮ್ಮ ಮನೆಯವರು ಕಾರು ತಂದು ಕರೆದುಕೊಂಡು ಹೋದರು. ಪೊಲೀಸರಿಗೆ ಹೇಳೋಣವೆಂದೆ. "ಗ್ರೀನ್ ಕಾರ್ಡೇ ಇನ್ನೂ ಬಂದಿಲ್ಲ. ನಂಬರ್ ನೋಡಿದ್ಯಾ? ಮುಖ ನೋಡಿದ್ಯಾ? ಸುಮ್ನೆ ನಾವೇ ಕಣ್ಣಿಗೆ ಬೀಳ್ತೀವಿ, ಬೇಡ," ಎಂದರು. ಸಿಟ್ಟು ಬಂತು. ಆದರೆ ಅವರ ಧ್ವನಿಯಲ್ಲೂ ಅದೇ ಭಯವಿದ್ದದ್ದರಿಂದ ನಾನು ಮುಂದುವರಿಸಲಿಲ್ಲ.

ಶಾಲೆಯಲ್ಲಿ ಮಕ್ಕಳು ತಮ್ಮ ತಮ್ಮ ಕಥೆ ಹೇಳಿದ ದಿನ ನಾನೂ ಅಪ್ಪನೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಹತ್ತಿಯ ಬಿಳಿ ಕೂದಲು ಅಂಟಿಸಿಕೊಂಡವರು ಸಂವಿಧಾನಕ್ಕೆ ಸಹಿ ಹಾಕಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮವಳ ಸರದಿ ಬಂದಾಗ ಒಬ್ಬ ಹುಡುಗ ಎದ್ದು, ಅಷ್ಟು ಹೆದರುಪುಕ್ಕಲರೇ ಅವರು ಎಂದು ಕೇಳಿದ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಹೀಗೆ: "ಹೌದು, ಹೆದರಿದ್ದರು. ಜೋರಾಗಿ ಉಸಿರಾಡೋದಕ್ಕೂ ಹೆದರಿಕೆ ಆಗುತ್ತೆ. ಕಾಲು ಓಡೋದಿಲ್ಲ, ಯಾರಾದರೂ ಎಳೀಬೇಕು. ಅವರು ಅವತ್ತು ಸಿಕ್ಕಿಬಿದ್ದಿದ್ದರೆ ಆಮೇಲೆ ಸಹಿ ಹಾಕೋಕೆ ದೇಶವೇ ಇರ್ತಿರಲಿಲ್ಲ." ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಶೂ ಕಟ್ಟಿಕೊಳ್ಳುತ್ತಿದ್ದರು. ಪಾರ್ಕಿನಲ್ಲಿ ಹಾಗಾದ ದಿನದಿಂದ, ಶಾಲೆಗೆ ಬಂದದ್ದು ಬಿಟ್ಟರೆ, ಮನೆಯಲ್ಲೇ ಕೂತಿದ್ದವರು, ವಾಕಿಂಗ್ ಹೋಗಿ ಬರುತ್ತೇನೆ ಎಂದರು.

"ಬೇಡಪ್ಪ," ಎಂದೆ.

"ದಿನಾ ಓಡಕ್ಕಾಗಲ್ಲಮ್ಮ. ನೀನೂ ಬಾ, ಬ್ಲಾಕ್ ಸುತ್ತ ಒಂದು ಸುತ್ತು."

ಕೋಟು ಹಾಕಿಕೊಂಡು ಲಿಫ್ಟಿನ ತನಕ ಹೋದೆ. ಬಾಗಿಲು ತೆರೆದುಕೊಂಡಿತು. ಒಳಗೆ ಕಾಲಿಡಲು ನನ್ನಿಂದ ಆಗಲಿಲ್ಲ. ಅಪ್ಪ ನನ್ನ ಭುಜ ತಟ್ಟಿ, ಒಬ್ಬರೇ ಇಳಿದು ಹೋದರು. ಕಿಟಕಿಯಿಂದ ಸೇತುವೆ ಕಾಣುತ್ತಿತ್ತು, ನಮ್ಮ ಕಟ್ಟಡದ ಮುಂದಿನ ಬೀದಿ ಕಾಣುತ್ತಿರಲಿಲ್ಲ. ಅವರು ಬಂದು ಬೆಲ್ ಮಾಡುವ ತನಕ ನಾನು ಬಾಗಿಲಿಗೆ ಬೆನ್ನು ಕೊಟ್ಟು, ಲಿಫ್ಟ್ ಯಾವ ಮಹಡಿಯಲ್ಲಿ ನಿಲ್ಲುತ್ತದೆಂದು ಕೇಳಿಸಿಕೊಳ್ಳುತ್ತ ನೆಲದ ಮೇಲೆ ಕೂತಿದ್ದೆ.