ಅಕ್ಕ ಕಳಿಸಿದ ರಿಸೀವರ್

ಗೆಳೆಯರೇ, ಇವತ್ತು ಬರ್ಮಿಂಗ್‌ಹ್ಯಾಮ್‌ನ ಕೊರಿಯರ್ ಆಫೀಸಿನಲ್ಲಿ ನಾನು ಬಂದೂಕು ತರಿಸುವವಳಾಗಿಬಿಟ್ಟೆ! ನೆನಪಿಗಿರಲೆಂದು ಉಡುಪಿಯಿಂದ ಅಕ್ಕ ನಮ್ಮ ತವರಿನ ಹಳೇ ಲ್ಯಾಂಡ್‌ಲೈನ್ ಫೋನಿನ ರಿಸೀವರ್ ಕಳಿಸಿದ್ದಳು. ಪಾರ್ಸೆಲ್ ಮೇಲೆ ಬರೆದದ್ದು ಇಷ್ಟೇ: ‘ರಿಸೀವರ್, ಹಳೆಯದು.’

“ಬಂದೂಕಿನ ಮುಖ್ಯ ಭಾಗಕ್ಕೂ ರಿಸೀವರ್ ಅಂತಾರೆ. ಲೈಸೆನ್ಸ್ ಎಲ್ಲಿ?” ಎಂದು ಕೌಂಟರಿನಾಕೆ ಕೇಳಿದಳು.

ಗಾಬರಿಯಾಗಿ ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ. “ಅಯ್ಯೋ ಮಾರಾಯ್ತಿ, ಅಪ್ಪ ಅದ್ರಲ್ಲಿ ನಿನ್ನ ಮದುವೆ ಮಾತಾಡಿದ್ದು, ಗುಂಡು ಹೊಡೆದದ್ದಲ್ಲ!” ಎಂದು ಬೈದಳು.

ಕೊನೆಗೆ ಕೌಂಟರಿನಾಕೆಯೇ ಪೆಟ್ಟಿಗೆ ಬಿಚ್ಚಿ, ರಿಸೀವರನ್ನು ಕಿವಿಗಿಟ್ಟು “ಹಲೋ?” ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. “ನಮ್ಮಜ್ಜಿ ಮನೇಲೂ ಇಂಥದ್ದೇ ಇತ್ತು,” ಎನ್ನುತ್ತಾ ನನ್ನ ಕೈಗಿತ್ತಳು.

ದೇಶದೇಶಗಳ ನಡುವೆ ಇನ್ನು ಇಂಥ ರಿಸೀವರ್‌ಗಳೇ ಓಡಾಡಲಿ. ಲೈಸೆನ್ಸಿಗೆ ನಾನೇ ಸಹಿ ಹಾಕುತ್ತೇನೆ.